ಕಾಂತಾಓರಾ ತಪ್ಪಂತೆ!

ಎರಡು ವರ್ಷಗಳಿಂದ ನಾನು ಸ್ಪ್ಯಾನಿಷ್ ಹಿಡಿದು ಕೂತಿರುವುದು ನಿಮಗೆಲ್ಲ ಗೊತ್ತು. ದಕ್ಷಿಣ ಸ್ಪೇನ್‌ನ ಹಾಡು-ಕುಣಿತವಾದ ಫ್ಲಮೆಂಕೊದ ಹುಚ್ಚೂ ಗೊತ್ತು, ಅದರ ಕಾಟವನ್ನು ನೀವೇ ಅನುಭವಿಸಿದ್ದೀರಿ. ಇಂದು ಬೆಳಿಗ್ಗೆ ಮೊಬೈಲ್ ಆಪ್‌ನಲ್ಲಿ 'ಸಂಗೀತ ಕಲಾವಿದರು' ಎಂಬ ಪಾಠ ಬಂತು. ಚಿತ್ರದಲ್ಲಿ ಚುಕ್ಕಿ ಲಂಗದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಹಾಡುತ್ತಿದ್ದಾಳೆ, ಪಕ್ಕದಲ್ಲಿ ಗಿಟಾರ್, ಹಿಂದೆ ಚಪ್ಪಾಳೆ ತಟ್ಟುವ ಇಬ್ಬರು. ಈಕೆ ಯಾರು? 'ಕಾಂತಾಓರಾ' ಎಂದು ಬರೆದೆ. ಕೆಂಪು ಗೆರೆ! ಸರಿಯುತ್ತರ 'ಕಾಂತಾಂತೆ'ಯಂತೆ.

ಕಾಂತಾಂತೆ ಎಂದರೆ ಹಾಡುವವರು, ಯಾರಾದರೂ ಸರಿ, ಗಂಡಾಗಲಿ ಹೆಣ್ಣಾಗಲಿ. ಆದರೆ ಫ್ಲಮೆಂಕೊ ಹಾಡುವವನು ಕಾಂತಾಓರ್, ಹಾಡುವವಳು ಕಾಂತಾಓರಾ. 'ಕಾಂತಾದೋರ್' ಎಂಬ ಪದದ ನಡುವಿನ 'ದ'ವನ್ನು ದಕ್ಷಿಣ ಸ್ಪೇನ್‌ನ ಆಂಡಲೂಸಿಯಾದವರ ನಾಲಿಗೆ ನುಂಗಿಹಾಕಿತು; ಆ ನುಂಗಿದ ಜಾಗದಲ್ಲೇ ಆ ಕಲೆಯ ಊರು ಕೇಳಿಸುತ್ತದೆ. ಕುಣಿಯುವವಳು ಬೈಲಾಓರಾ, ಬ್ಯಾಲೆಯ ಬೈಲಾರಿನಾ ಅಲ್ಲ. ಗಿಟಾರ್ ನುಡಿಸುವವನು ತೊಕಾಓರ್. ಚಪ್ಪಾಳೆಯವನಿಗೂ ಹೆಸರಿದೆ, ಪಾಲ್ಮೆರೊ. ಫ್ಲಮೆಂಕೊ 2010ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ನನ್ನ ಆಪ್‌ನ ಪಟ್ಟಿಗೆ ಸೇರಲು ಇನ್ನೂ ಯೋಗ್ಯತೆ ಬಂದಿಲ್ಲ.

ನನ್ನ ಸಿಟ್ಟು ಒಂದು ಪದದ ಮೇಲಲ್ಲ. ಎಡಕ್ಕೊಂದು ಇಂಗ್ಲಿಷ್ ಪದ, ಬಲಕ್ಕೊಂದು ಸ್ಪ್ಯಾನಿಷ್ ಪದ, ನಡುವೆ ಗೆರೆ ಎಳೆದು ಕಲಿಸಿದೆವು ಎನ್ನುವ ಆ ಪಟ್ಟಿಗಳ ಮೇಲೆ. ಇಂಗ್ಲಿಷಿನವರಿಗೆ ಚೆಂಡಾಟಕ್ಕೂ ಗಿಟಾರಿಗೂ ಒಂದೇ ಕ್ರಿಯಾಪದ, ಅದು ಅವರ ಪಾಡು. ಸ್ಪ್ಯಾನಿಷ್‌ನಲ್ಲಿ ಆಟಕ್ಕೆ ಹುಗಾರ್, ವಾದ್ಯಕ್ಕೆ ತೊಕಾರ್. ತೊಕಾರ್ ಎಂದರೆ ಮುಟ್ಟುವುದು ಕೂಡ. ಆಡುವುದನ್ನೂ ನುಡಿಸುವುದನ್ನೂ ಬೇರೆ ಬೇರೆ ಇಟ್ಟುಕೊಂಡ ನಮಗೆ ಇದು ಸುಲಭದ ತುತ್ತು. ಆದರೂ ನಾವು ಇಂಗ್ಲಿಷ್ ಮನೆಯ ಹಿತ್ತಲು ಸುತ್ತಿಕೊಂಡೇ ಸ್ಪ್ಯಾನಿಷ್ ಮನೆಗೆ ಹೋಗಬೇಕು!

ಆ ಹಿತ್ತಲಿನಲ್ಲಿ ನಾನೂ ಜಾರಿ ಬಿದ್ದವಳೇ. ವಾದ್ಯವೃಂದ ನಡೆಸುವ ವ್ಯಕ್ತಿಯನ್ನು ಹೊಗಳಿ ನಮ್ಮ ಶಿಕ್ಷಕಿಗೆ ಒಂದು ಪುಟ ಬರೆದಿದ್ದೆ, ಇಂಗ್ಲಿಷಿನ 'ಕಂಡಕ್ಟರ್' ನಂಬಿ ಉದ್ದಕ್ಕೂ 'ಕೊಂದುಕ್ತೋರ್' ಎಂದೇ. ಅವರಿಂದ ಬಂದ ಉತ್ತರ ಒಂದೇ ಸಾಲು: "ಯಾವ ಬಸ್ಸು?" ಸ್ಪ್ಯಾನಿಷ್‌ನಲ್ಲಿ ಅದು ಚಾಲಕ. ನಮ್ಮಲ್ಲಿ ಟಿಕೆಟ್ ಹರಿಯುವವನು ಅಲ್ಲಿ ಬಸ್ಸನ್ನೇ ಓಡಿಸುತ್ತಾನೆ! ವಾದ್ಯವೃಂದದವರನ್ನು 'ದಿರೆಕ್ತೋರ್' ಎನ್ನಬೇಕು. ಆ ಪುಟವನ್ನು ಇಂದಿಗೂ ಮತ್ತೆ ತೆರೆದು ನೋಡಿಲ್ಲ.

"ಆರಂಭದಲ್ಲಿ ಸರಳವಾಗಿರಲಿ, ಸೂಕ್ಷ್ಮವೆಲ್ಲ ಆಮೇಲೆ" ಎನ್ನುತ್ತೀರಿ, ಗೊತ್ತು. ಸರಳವೇ? ಸಂಗೀತಗಾರ 'ಮೂಸಿಕೊ', ಸಂಗೀತಗಾರ್ತಿ 'ಮೂಸಿಕಾ', ಸಂಗೀತವೂ 'ಮೂಸಿಕಾ'. ಸ್ಪೇನ್‌ನಲ್ಲಿ 'ಲಾ ಬತೆರೀಯಾ' ಎಂದರೆ ಡ್ರಮ್ಸ್, 'ಎಲ್ ಬತೆರೀಯಾ' ಎಂದರೆ ಅದನ್ನು ಬಾರಿಸುವವನು. ಮುಂದಿನ ಆ ಒಂದು ಪುಟ್ಟ ಪದ ತಪ್ಪಿದರೆ ಮನುಷ್ಯ ವಾದ್ಯವಾಗುತ್ತಾನೆ. ಇದನ್ನು ಆಮೇಲೆ ಹೇಳಿಕೊಡುತ್ತಾರಂತೆ. ಯಾವಾಗ, ಡ್ರಮ್ಸ್‌ಗೆ ಕೈಕುಲುಕಿ "ನಮಸ್ಕಾರ" ಎಂದ ಮೇಲೆಯೇ?

ಹಾಗೆಂದು ನನಗೆ ಈ ಪದಗಳ ಮೇಲೆ ಮುನಿಸಿಲ್ಲ, ಮೋಹವೇ. 'ತೆಲೊನೆರೊ' ಎಂದು ಹೇಳಿ ನೋಡಿ. ದೊಡ್ಡ ಕಲಾವಿದರು ಬರುವ ಮೊದಲು ವೇದಿಕೆ ಏರಿ ಹಾಡುವವನು. 'ತೆಲೋನ್' ಎಂದರೆ ವೇದಿಕೆಯ ಪರದೆ. ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ ಅರ್ಧ ತುಂಬಿದ ಸಭೆಗೆ ಹಾಡುವ ಆ ಬಡಪಾಯಿಗೂ ಒಂದು ಹೆಸರು, ಅದೂ ಪರದೆಯಿಂದ ಬಂದದ್ದು! ನನಗೆ ಇದು ಸಿಕ್ಕಿದ್ದು ಯಾವ ಪಟ್ಟಿಯಲ್ಲೂ ಅಲ್ಲ, ಒಂದು ಸಂಗೀತ ಕಛೇರಿಯ ಜಾಹೀರಾತಿನ ತೀರಾ ಸಣ್ಣ ಅಕ್ಷರಗಳಲ್ಲಿ.

ಸಂಜೆ ಅದೇ ಪ್ರಶ್ನೆ ಮತ್ತೆ ಬಂತು. ಅದೇ ಚುಕ್ಕಿ ಲಂಗ, ಅದೇ ಮುಚ್ಚಿದ ಕಣ್ಣು. 'ಕಾಂತಾಂತೆ' ಎಂದು ಬರೆದೆ. ಹಸಿರು ಬಂತು, ಅಂಕವೂ ಬಂತು. ಚಿತ್ರದಲ್ಲಿ ಆಕೆ ಕಣ್ಣು ಮುಚ್ಚಿಕೊಂಡಿದ್ದದ್ದೇ ನನ್ನ ಪುಣ್ಯ.