ಒಂದು ಫಾರ್ಮಾ ಉಳಿಸೋಕೆ ಹೋಗಿ

ಒಂದು ವಿಷಯ ಬಹಳ ದಿನದಿಂದ ಹೊಟ್ಟೆಯಲ್ಲಿ ಕುದಿಯುತ್ತಿದೆ. ಬರಹ ಸ್ವಲ್ಪ ಉದ್ದ ಆಗುತ್ತದೆ, ಪುರಸೊತ್ತು ಇದ್ದಾಗ ಓದಿ.

ನಾನು ವಿಜಯಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. 19 ವರ್ಷ ಆಯಿತು. ಮದುವೆ ಪತ್ರಿಕೆ, ಬಿಲ್ ಬುಕ್ಕು, ಸೊಸೈಟಿ ವರದಿ, ಎಲ್ಲ ಬರುತ್ತವೆ. ಆದರೆ ನನ್ನ ಕಣ್ಣು ಜಾಸ್ತಿ ಸವೆದದ್ದು ಪಿಎಚ್‌ಡಿ ಪ್ರಬಂಧ, ಅವುಗಳಿಂದ ಮಾಡಿದ ಪುಸ್ತಕ, ವಿಚಾರ ಸಂಕಿರಣದ ಲೇಖನ ಸಂಪುಟಗಳ ಮೇಲೆ. ಇಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ನಮ್ಮ ಹುಡುಗ ಹುಡುಗಿಯರು ಧಾರವಾಡಕ್ಕೆ ಹೋಗದೇ ಸಂಶೋಧನೆ ಮಾಡುವಂತಾಯಿತು. ಇದು ನನಗೆ ನಿಜವಾಗಿಯೂ ಖುಷಿಯ ವಿಷಯ. ನಮ್ಮ ಕಡೆಯ ಹಾಡು, ಜಾತ್ರೆ, ಮಠ, ಬಯಲಾಟದ ಬಗ್ಗೆ ನಮ್ಮವರೇ ಬರೆದದ್ದನ್ನು ಮೊದಲು ಓದುವವಳು ನಾನೇ, ಅಲ್ವಾ.

ಎರಡು ವರ್ಷದ ಹಿಂದೆ ಒಂದು ಪುಸ್ತಕ ಬಂತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಹಾಡುಗಳ ಮೇಲೆ ಮಾಡಿದ ಪಿಎಚ್‌ಡಿ. ಬರೆದವರು ಅತಿಥಿ ಉಪನ್ಯಾಸಕರು, ಒಳ್ಳೆಯ ಮನುಷ್ಯ. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಐದು ವರ್ಷ ಊರೂರು ತಿರುಗಿ ಹಾಡು ಕೂಡಿಸಿದ್ದರು. ಕೊನೆಯಲ್ಲಿ ಒಂಬತ್ತು ಪುಟದ ಒಂದು ಅನುಬಂಧ. ಹಾಡಿದವರ ಪಟ್ಟಿ. ಹೆಸರು, ಊರು, ವಯಸ್ಸು, ಉದ್ಯೋಗ, ಹಾಡಿದ ಪದ. ಹತ್ತಿರ ಹತ್ತಿರ ಇನ್ನೂರು ಜನ. ಉದ್ಯೋಗದ ಸಾಲಿನಲ್ಲಿ ಕೂಲಿ, ಕೂಲಿ, ಮನೆಗೆಲಸ, ಕೂಲಿ. ಓದಿನ ಸಾಲು ಪೂರ್ತಿ ಖಾಲಿ ಇತ್ತು ಅಂತ ಅದನ್ನು ತೆಗೆದೇ ಬಿಟ್ಟಿದ್ದೆವು.

ಪುಟ ಕಟ್ಟಿದಾಗ ಒಟ್ಟು 217 ಬಂತು. ಪುಸ್ತಕ ಅಚ್ಚಾಗುವುದು 16 ಪುಟದ ಫಾರ್ಮಾ ಲೆಕ್ಕದಲ್ಲಿ. ಫಾರ್ಮಾ ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಒಂದು ಕಟ್ಟು. 13 ಫಾರ್ಮಾಕ್ಕೆ 208 ಪುಟ. ಉಳಿದ ಒಂಬತ್ತಕ್ಕೆ ಇನ್ನೊಂದು ಫಾರ್ಮಾದ ಖರ್ಚು. ಲೇಖಕರು ಕ್ಯಾಲ್ಕ್ಯುಲೇಟರ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು, 'ಅಕ್ಕಾರ, ಆ ಲಿಸ್ಟ್ ತಗದ ಬಿಡ್ರಿ. ಅದನ್ಯಾರ ಓದತಾರ? ಒಂದ ಫಾರ್ಮಾ ಉಳೀತದ.'

ನಾನು ತೆಗೆದೆ. ಮೌಸ್ ಹಿಡಿದು ಒಂಬತ್ತು ಪುಟ ಆಯ್ಕೆ ಮಾಡಿ ಡಿಲೀಟ್ ಒತ್ತಿದವಳು ನಾನೇ. ಮುನ್ನುಡಿ ಬರೆದವರ ಎರಡು ಪುಟ ಉಳಿಯಿತು. ಹಣ ಕೊಟ್ಟವರಿಗೆ, ಮಾರ್ಗದರ್ಶಕರಿಗೆ, ಹೆಂಡತಿ ಮಕ್ಕಳಿಗೆ ಕೃತಜ್ಞತೆ ಹೇಳಿದ ಪುಟವೂ ಉಳಿಯಿತು. ಹಾಡಿದವರು ಮಾತ್ರ 'ಕ್ಷೇತ್ರಕಾರ್ಯದಲ್ಲಿ ಸಹಕರಿಸಿದ ಎಲ್ಲ ತಾಯಂದಿರು' ಅನ್ನುವ ಒಂದೇ ಸಾಲಾದರು.

ಆ ಲೇಖಕರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅತಿಥಿ ಉಪನ್ಯಾಸಕರ ಸಂಬಳ ಎಷ್ಟು, ಅದು ಯಾವಾಗ ಬರುತ್ತದೆ ಅನ್ನುವುದು ನಿಮಗೆ ಗೊತ್ತು. ಪುಸ್ತಕ ಅಚ್ಚಾಗುವುದು ಅವರ ಕಿಸೆಯ ದುಡ್ಡಿನಿಂದಲೇ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಅಧ್ಯಾಪಕರ ಬರವಣಿಗೆಗೆ ಅಂಕ ಕಟ್ಟಿದ್ದಾರೆ, ನೇಮಕ ಬಡ್ತಿಗೆ ಅದು ಬೇಕು. ದೇಶದೊಳಗಿನ ಪ್ರಕಾಶಕರಿಂದ ಬಂದ ಪುಸ್ತಕಕ್ಕೆ 10, ಸಂಪಾದಿತ ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ 5. ಪುಸ್ತಕ ಎಂಥದ್ದು, ಯಾರು ಓದಿದರು, ಒಳಗಿನ ಹಾಡು ಸರಿ ಇದೆಯಾ ಅನ್ನುವುದಕ್ಕೆ ಅಂಕ ಇಲ್ಲ. ಹೀಗಾಗಿ ನಮ್ಮ ಪ್ರೆಸ್ಸಿಗೆ ಬಂದವರು ಮೊದಲು ಕೇಳುವುದು, 'ಐಎಸ್‌ಬಿಎನ್ ಯಾವಾಗ ಬರ್ತದ್ರಿ?'

ಐಎಸ್‌ಬಿಎನ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ. 13 ಅಂಕಿಯ ಗುರುತಿನ ಸಂಖ್ಯೆ, ಅಷ್ಟೇ. ಮನೆ ನಂಬರ್ ಇದ್ದ ಹಾಗೆ. ಮನೆ ಗಟ್ಟಿ ಇದೆ ಅಂತ ಅದು ಹೇಳುವುದಿಲ್ಲ. ಆದರೂ ಈ ನಂಬರಿಗೆ ಸಾವಿರಗಟ್ಟಲೆ ದುಡ್ಡು ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಕೊಡಬೇಡಿ.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ.

ನನ್ನ ತಂಗಿಯನ್ನು ನಮ್ಮ ಜಿಲ್ಲೆಯ ಇಂಡಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಕಾರ ಹುಣ್ಣಿಮೆಗೆ ಅಲ್ಲಿಗೆ ಹೋಗಿದ್ದೆ. ಆ ಊರಿನ ಹೆಸರು ನಾನು ಡಿಲೀಟ್ ಮಾಡಿದ ಪಟ್ಟಿಯಲ್ಲಿ ಇತ್ತು, ನೆನಪಿತ್ತು. ಪ್ರೆಸ್ಸಿನಲ್ಲಿ ಉಳಿದಿದ್ದ ಒಂದು ಪ್ರತಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ತಂಗಿಯ ಅತ್ತೆ ಕರೆದುಕೊಂಡು ಹೋಗಿ ಒಬ್ಬ ಅಜ್ಜಿಯ ಮುಂದೆ ಕೂರಿಸಿದರು. ಎಂಬತ್ತು ದಾಟಿರಬೇಕು. ಜೋಳ ಹಸನು ಮಾಡುತ್ತ ಕೂತಿದ್ದರು. 'ಹೌದವ್ವಾ, ಒಬ್ಬ ಮಾಸ್ತರ ಬಂದಿದ್ದ. ಎರಡ ದಿನ ಹಾಡಿಸ್ಕೊಂಡ ಹೋದ' ಅಂದರು. ಪುಸ್ತಕ ಆಗಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಓದಿ ಹೇಳು ಅಂದರು. ಬಿತ್ತಿಗೆ ಪದ ಇರುವ ಪುಟ ತೆಗೆದು ಓದತೊಡಗಿದೆ. ಮೊರ ಆಡಿಸುವ ಕೈ ನಿಲ್ಲಿಸದೆ ಅಜ್ಜಿ ಕೇಳುತ್ತಿದ್ದರು. 'ಕುರಿಗಿ ಪೂಜಿ ಮಾಡಿ' ಅನ್ನುವ ಕಡೆ ಬಂದಾಗ ಕೈ ನಿಂತಿತು.

'ಏನಂದಿ? ಇನ್ನೊಮ್ಮಿ ಓದು.'

ಓದಿದೆ.

'ಕುರಿ ಅಲ್ಲವ್ವಾ. ಕೂರಿಗಿ. ಬಿತ್ತೂ ಕೂರಿಗಿ. ಕುರಿಗಿ ಯಾಕ ಪೂಜಿ ಮಾಡ್ತಾರ ಬಿತ್ತೂ ದಿನ?'

ಒಂದು ದೀರ್ಘ ಬಿಟ್ಟುಹೋಗಿದೆ. ಕೂರಿಗಿ ಕುರಿಗಿ ಆಗಿದೆ. ನಮ್ಮ ಕಡೆ ಬಿತ್ತಿಗೆಗೆ ಮೊದಲು ಕೂರಿಗೆಗೆ, ಅಂದರೆ ಬೀಜ ಬಿತ್ತುವ ಸಾಧನಕ್ಕೆ, ಅರಿಶಿಣ ಕುಂಕುಮ ಹಚ್ಚಿ, ಪೂಜೆ ಮಾಡಿ ಹೊಲಕ್ಕೆ ಒಯ್ಯುತ್ತಾರೆ. ಅದನ್ನೇ ಅಜ್ಜಿ ಹಾಡಿದ್ದರು. ಸುಮ್ನೆ ಅಚ್ಚಿನ ತಪ್ಪು ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪುಸ್ತಕದ ಮುಂದಿನ ಅಧ್ಯಾಯದಲ್ಲಿ ಈ ಸಾಲನ್ನು ಇಟ್ಟುಕೊಂಡು ಅರ್ಧ ಪುಟ ವಿವರಣೆ ಇದೆ. ಬಿತ್ತನೆ ದಿನ ಕುರಿಯನ್ನು ಪೂಜಿಸಿ ಬಲಿ ಕೊಡುವ ಪದ್ಧತಿ ಈ ಭಾಗದಲ್ಲಿ ಇತ್ತು ಅಂತ ಬರೆದಿದ್ದಾರೆ. ಆ ಊರಲ್ಲಿ ಅಂಥ ಪದ್ಧತಿಯೇ ಇಲ್ಲ, ನಮ್ಮಪ್ಪನ ಕಾಲಕ್ಕೂ ಇರಲಿಲ್ಲ ಅಂತಾರೆ ಅಜ್ಜಿ. ಇನ್ನು ನಾಳೆ ಇದನ್ನು ಇನ್ನೊಬ್ಬರು ಉಲ್ಲೇಖ ಮಾಡುತ್ತಾರೆ. ಅದನ್ನು ನೋಡಿ ಮತ್ತೊಬ್ಬರು. ಇಡೀ ಒಂದು ಊರಿನ ಮೇಲೆ ಇಲ್ಲದ ಆಚರಣೆ ಕೂತುಬಿಡುತ್ತದೆ.

ಆ ಸಾಲು ಟೈಪ್ ಮಾಡುವಾಗ ನನಗೆ ಅನುಮಾನ ಬಂದಿತ್ತು. ನಾನು ಒಕ್ಕಲುತನದ ಮನೆಯ ಮಗಳು, ಕೂರಿಗೆ ಹೂಡುವುದನ್ನು ನೋಡಿಯೇ ಬೆಳೆದವಳು. ಹಸ್ತಪ್ರತಿಯಲ್ಲಿ ಹಾಗೇ ಇತ್ತು, ಕೇಳಲಿಲ್ಲ. ದೊಡ್ಡವರು ಬರೆದದ್ದು, ನಮಗ್ಯಾಕೆ ಅಂದುಕೊಂಡೆ. ಆ ಸುಮ್ಮನಿರುವಿಕೆ ಈಗ ನನ್ನನ್ನು ಚುಚ್ಚುತ್ತಿದೆ. ಮಾರ್ಗದರ್ಶಕರು ಓದಿದ್ದರು, ಪರೀಕ್ಷಕರು ಓದಿದ್ದರು, ಮುನ್ನುಡಿ ಬರೆದವರು ಓದಿದ್ದರು. ಹಾಡಿದವರಿಗೆ ಒಮ್ಮೆ ಓದಿ ಹೇಳಿದ್ದರೆ ಎರಡು ನಿಮಿಷದಲ್ಲಿ ಸರಿ ಆಗುತ್ತಿತ್ತು.

ಒಂದು ಅಕ್ಷರ, ಅದಕ್ಯಾಕೆ ಇಷ್ಟು ಅನ್ನಬೇಡಿ. ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮ ನಮಗೆ ದೂರ ಇಲ್ಲ. ಬಸವಣ್ಣನವರ ವಚನದ ಅಂಕಿತ ಕೂಡಲಸಂಗಮದೇವ. ಲಿಂಗಾಯತ ಧರ್ಮಗುರು ಮಾತೆ ಮಹಾದೇವಿಯವರ ಬಸವ ವಚನ ದೀಪ್ತಿ ಅನ್ನುವ ಪುಸ್ತಕದಲ್ಲಿ ಅದನ್ನು ಲಿಂಗದೇವ ಅಂತ ಮಾಡಿದರು. ಸರ್ಕಾರ 1998ರಲ್ಲಿ ಪುಸ್ತಕ ಮುಟ್ಟುಗೋಲು ಹಾಕಿತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು, 2017ರಲ್ಲಿ ಸರ್ಕಾರದ ಆದೇಶವನ್ನೇ ಕೋರ್ಟು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಮೂಲದ ಮಾತನ್ನು ಮೂಲದಂತೆ ಇಟ್ಟು, ನಮ್ಮ ವಾದವನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕು. ಹೇಳಿದವರ ಬಾಯಲ್ಲಿ ನಮ್ಮ ಮಾತು ತುರುಕಬಾರದು. ಬಸವಣ್ಣನಿಗೆ ಒಂದು ನ್ಯಾಯ ಆದರೆ ಜೋಳ ಹಸನು ಮಾಡುವ ಅಜ್ಜಿಗೂ ಅದೇ ನ್ಯಾಯ ಆಗಬೇಕು. ಅಜ್ಜಿಯ ಪರವಾಗಿ ಕೋರ್ಟಿಗೆ ಹೋಗುವವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ಈ ಊರಲ್ಲಿ ಕೂತು ಪುಸ್ತಕದ ಕೆಲಸ ಮಾಡುವಾಗ ಫ.ಗು. ಹಳಕಟ್ಟಿಯವರ ನೆನಪಾಗದೆ ಇರುವುದಿಲ್ಲ. ಧಾರವಾಡದಲ್ಲಿ ಹುಟ್ಟಿ ಇಲ್ಲಿಗೆ ಬಂದ ವಕೀಲರು. ಮನೆ ಮನೆ ತಿರುಗಿ ವಚನಗಳ ತಾಳೆಗರಿ ಕಟ್ಟು ಕೂಡಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದ ಹಸ್ತಪ್ರತಿ ವಾಪಸ್ ಬಂತು. ಕೊನೆಗೆ 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಸ್ವಂತ ಮನೆ ಮಾರಿ ಇಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ಶಿವಾನುಭವ ಪತ್ರಿಕೆ. ಅವರಿಗೆ ಯಾವ ಅಂಕ ಇತ್ತು? ಯಾವ ಬಡ್ತಿ ಕಾಯುತ್ತಿತ್ತು? ಹುಳ ತಿನ್ನುತ್ತಿದ್ದ ಗರಿಗಳ ಮೇಲಿನ ಮಾತು ಜನರ ಕೈಗೆ ಸೇರಬೇಕು, ಅದೊಂದೇ. ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸುವ ಕಾಲದಲ್ಲಿ ಒಂದು ಪುಟ ಕಟ್ಟುವುದು ಎಂಥ ಕಷ್ಟ ಅನ್ನುವುದು ನಮ್ಮ ಪ್ರೆಸ್ಸಿನ ಹಳೆಯ ಬೈಂಡರ್ ಕಾಕಾ ಹೇಳಿದ್ದು ಕೇಳಿದ್ದೇನೆ. ಆ ಕಾಲದ ಎಷ್ಟೋ ಪುಸ್ತಕಗಳ ಕೊನೆಗೆ 'ತಪ್ಪು ಒಪ್ಪು' ಅಂತ ಒಂದು ಪಟ್ಟಿ ಇರುತ್ತಿತ್ತು. ಇಂಥ ಪುಟ, ಇಂಥ ಸಾಲು, ಹೀಗೆ ತಿದ್ದಿ ಓದಿಕೊಳ್ಳಿ ಅಂತ. ನನ್ನ 19 ವರ್ಷದಲ್ಲಿ ಅಂಥ ಪಟ್ಟಿ ಮಾಡಿಕೊಡಿ ಅಂತ ಒಬ್ಬರೂ ಕೇಳಿಲ್ಲ.

ಹೆಣ್ಣುಮಕ್ಕಳ ಹಾಡಿಗೂ ನಮ್ಮ ಜಿಲ್ಲೆಯೇ ದಾರಿ ತೋರಿಸಿದ್ದು. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೆಲ್ಲ ಹಳ್ಳಿಯಲ್ಲೇ ಇದ್ದು, ಬೀಸುವ ಕುಟ್ಟುವ ಪದ ಕೇಳಿ ಬರೆದುಕೊಂಡರು. ಅವರ ಸಂಗ್ರಹ ಗರತಿಯ ಹಾಡು 1931ರಲ್ಲಿ ಬಂತು. ಅವರು ಅದೇ ಕಡೆಯವರು. ಕೂರಿಗೆ ಯಾವುದು, ಕುರಿ ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕದಿಯುವ ವಿಷಯವೂ ಇದೆ. ಒಂದೇ ಪ್ಯಾರಾವನ್ನು ನಾನು ಮೂರು ಬೇರೆ ಬೇರೆ ಗಿರಾಕಿಗಳಿಗೆ ಟೈಪ್ ಮಾಡಿಕೊಟ್ಟಿದ್ದೇನೆ. ಮೂರರಲ್ಲೂ ಅದೇ ಕಾಗುಣಿತ ತಪ್ಪು. ನಕಲು ತಡೆಯಲು ಯುಜಿಸಿ 2018ರಲ್ಲೇ ಮಾಡಿದ ಇನ್ನೊಂದು ನಿಯಮದ ಪ್ರಕಾರ ಪ್ರಬಂಧದಲ್ಲಿ ಶೇ. 60ಕ್ಕಿಂತ ಜಾಸ್ತಿ ನಕಲು ಸಿಕ್ಕರೆ ನೋಂದಣಿಯೇ ರದ್ದು. ಆದರೆ ಸಿಗಬೇಕಲ್ಲ? ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಕಲು ಹಿಡಿಯುವ ಸಾಫ್ಟ್‌ವೇರಿಗೆ ಏನೂ ತಿಳಿಯುವುದಿಲ್ಲ. ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ನಾನು ಈಗ ಯಾರೇ ಬಂದರೂ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಯುನಿಕೋಡ್‌ನಲ್ಲೇ ಮಾಡೋಣ ಅಂತ ಹಟ ಹಿಡಿಯುತ್ತೇನೆ. ಕೆಲವರು ಬೇಡ ಅನ್ನುತ್ತಾರೆ. ಯಾಕೆ ಅಂತ ನಾನು ಕೇಳುವುದಿಲ್ಲ.

ಯಾವ ಸಂಶೋಧನಾ ಪತ್ರಿಕೆಗಳು ಒಪ್ಪಿಗೆ ಅಂತ ಯುಜಿಸಿ ಪಟ್ಟಿ ಮಾಡಿತು, 2018ರಲ್ಲಿ ಒಂದೇ ಸಲಕ್ಕೆ 4,305 ಪತ್ರಿಕೆಗಳನ್ನು ಆ ಪಟ್ಟಿಯಿಂದ ತೆಗೆಯಿತು, ಆಮೇಲೆ ಕೇರ್ ಅನ್ನುವ ಹೊಸ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ದಿಲ್ಲಿಯಲ್ಲಿ ಪಟ್ಟಿ ಬದಲಾಗುತ್ತಾ ಇರುತ್ತದೆ. ಇಂಡಿಯ ಹಳ್ಳಿಯಲ್ಲಿ ಹಾಡಿದ ಅಜ್ಜಿಗೆ ಅದರಿಂದ ಏನೂ ಆಗುವುದಿಲ್ಲ.

ಇನ್ನೊಂದು ಮಾತು ಸ್ಪಷ್ಟ ಮಾಡಬೇಕು. ಹಾಡಿದವರಿಗೆ ಓದಿ ಹೇಳಿ ಅಂದರೆ, ಊರವರ ಅಪ್ಪಣೆ ಕೇಳಿ ಬರೆಯಿರಿ ಅಂತ ಅಲ್ಲ. ನಮ್ಮ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಸಂಶೋಧನೆಯ ಮಾತನ್ನು ಒತ್ತಡಕ್ಕೆ ಸಿಕ್ಕು ಹಿಂದೆ ತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ನಮಗೆ ಇಷ್ಟ ಇಲ್ಲದ ಅರ್ಥವನ್ನು ಸಂಶೋಧಕರು ಹೇಳಬಹುದು, ಹೇಳಲೇಬೇಕು. ಅವರ ಬೆನ್ನಿಗೆ ಪ್ರಕಾಶಕರೂ ನಿಲ್ಲಬೇಕು, ವಿಶ್ವವಿದ್ಯಾಲಯವೂ ನಿಲ್ಲಬೇಕು. ಆದರೆ ಹಾಡು ಏನು ಅನ್ನುವುದರಲ್ಲಿ ಹಾಡಿದವರ ಮಾತೇ ಕೊನೆ. ಅದರ ಅರ್ಥ ಏನು ಅನ್ನುವುದು ಆಮೇಲಿನ ಜಗಳ.

ಊರಿಂದ ಬಂದ ಮೇಲೆ ಆ ಲೇಖಕರಿಗೆ ಫೋನ್ ಮಾಡಿದೆ. ಪಾಪ, ಗಾಬರಿ ಆದರು. 'ಥೀಸಿಸ್‌ನಾಗೂ ಹಂಗ ಅದ ಅಕ್ಕಾರ, ಡಿಗ್ರಿನೂ ಆಗ್ಯದ. ಈಗ ತಿದ್ದಾಕ ಹೋದ್ರ ನನಗ ತ್ರಾಸ ಆಗ್ತದ' ಅಂದರು. ಒಂದು ತಿದ್ದುಪಡಿ ಚೀಟಿ ಮಾಡೋಣ, ನಿಮ್ಮ ಹತ್ತಿರ ಉಳಿದ ಪ್ರತಿಗಳಿಗೆ ನಾನೇ ಬಂದು ಅಂಟಿಸಿಕೊಡುತ್ತೇನೆ ಅಂದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ. ಕಾಯುತ್ತಿದ್ದೇನೆ. ತಪ್ಪು ಒಪ್ಪಿಕೊಂಡವರಿಗೆ ತೊಂದರೆ ಆಗುವ ವ್ಯವಸ್ಥೆ ಇಟ್ಟುಕೊಂಡು ಯಾರಿಂದ ಏನು ತಿದ್ದಿಸುತ್ತೇವೆ ನಾವು? ಮಾರ್ಗದರ್ಶಕರಾಗಿ ಇರುವವರು, ವಿಭಾಗದ ಮುಖ್ಯಸ್ಥರು ಇದನ್ನು ಓದುತ್ತಿದ್ದರೆ ದಯವಿಟ್ಟು ಇದರ ಬಗ್ಗೆ ಮಾತಾಡಿ.

ಪ್ರತಿ ಹಾಡುಗಾರರಿಗೆ ಒಂದು ಪುಸ್ತಕ ಕೊಡಿ. ಓದಲು ಬರದಿದ್ದರೆ ಮೊಮ್ಮಕ್ಕಳು ಓದುತ್ತಾರೆ. ಧ್ವನಿಮುದ್ರಣ ಇದ್ದರೆ ಅದರ ಪ್ರತಿಯನ್ನೂ ಕೊಡಿ. ಅಜ್ಜಿಯ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ. ಆ ಪುಸ್ತಕ ನನ್ನ ಕೈಯಿಂದ ಇಸಿದುಕೊಂಡು ಪೆನ್ನಿಂದ ಕು ಇದ್ದದ್ದನ್ನು ಕೂ ಮಾಡಿದಳು. ಪಕ್ಕದಲ್ಲಿ ಅಜ್ಜಿಯ ಪೂರ್ತಿ ಹೆಸರು ಬರೆದಳು.

ಆ ಒಂಬತ್ತು ಪುಟ ನನ್ನ ಹಳೆಯ ಬ್ಯಾಕಪ್‌ನಲ್ಲಿ ಸಿಕ್ಕಿವೆ. ಲೇಖಕರು ಒಪ್ಪಿದರೆ ಬೇರೆ ಅಚ್ಚು ಹಾಕಿಸಿ ಪುಸ್ತಕದ ಒಳಗೆ ಇಡುತ್ತೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಪುಸ್ತಕ ಮಾಡಿಸುವ ಗೆಳೆಯರಿಗೂ ಒಂದು ವಿನಂತಿ. ಹಾಡಿದವರ, ಹೇಳಿದವರ ಪಟ್ಟಿಯನ್ನು ಖರ್ಚಿಗೆ ಹೆದರಿ ಬಿಡುತ್ತಿದ್ದರೆ ನನ್ನ ಹತ್ತಿರ ಕಳಿಸಿ. ಆ ಪುಟಗಳ ಟೈಪಿಂಗಿಗೆ, ಪುಟ ಕಟ್ಟುವುದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.