ಒಳ್ಳೆತನದಲ್ಲಿ ಸೆಕೆಂಡ್ ಪ್ರೈಜ್!

ಇವತ್ತು ಮಗಳ ಸ್ಕೂಲಿಗೆ ಹೋಗಿ ಬಂದಾಗಿನಿಂದ ತಲೆ ಬಿಸಿಯಾಗಿದೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲು ತಯಾರಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಈ ವಾರ ಅಲ್ಲಿ 'ಕೈಂಡ್‌ನೆಸ್ ವೀಕ್'. ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಕಾರ್ಡು. ಒಂದು ಒಳ್ಳೆ ಕೆಲಸ ಮಾಡಿದರೆ ಒಂದು ಸ್ಟಾರ್. ಜಾಸ್ತಿ ಸ್ಟಾರ್ ಬಂದವರಿಗೆ ಇವತ್ತು ಸ್ಟೇಜಿನ ಮೇಲೆ ಮೆಡಲ್. ಫಸ್ಟ್, ಸೆಕೆಂಡ್, ಆಮೇಲೆ ಸಮಾಧಾನಕರ ಬಹುಮಾನ. ಒಳ್ಳೆತನದಲ್ಲಿ ಸೆಕೆಂಡ್ ಬಂದ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನಮ್ಮ 'ಎಷ್ಟು ಸ್ಟಾರ್ ಕಮ್ಮಿ ಆಯ್ತೋ?' ಎಂದು ವಿಚಾರಣೆ ನಡೆಸುತ್ತಿದ್ದರು. ಫಸ್ಟ್ ಬಂದವನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಯಾಕೆ ನೋಡಬೇಕು? ಅವನ ಕಾರ್ಡು ತುಂಬಿತ್ತಲ್ಲ!

ಮೆಡಲ್ ಕೊಟ್ಟದ್ದಕ್ಕೆ ಇಷ್ಟೊಂದು ಸಿಟ್ಟಲ್ಲ. ಇದೇ ಸ್ಕೂಲಿನಲ್ಲಿ ಉಳಿದ ದಿನಗಳ ರೂಲ್ಸ್ ಏನು ಗೊತ್ತಾ? ಊಟದ ಡಬ್ಬಿ ಹಂಚಿಕೊಳ್ಳಬಾರದು. ರಬ್ಬರ್ ಯಾರಿಗೂ ಕೊಡಬಾರದು. ಪಕ್ಕದವರಿಗೆ ಹೇಳಿಕೊಡಬಾರದು. ಮೊನ್ನೆ ಮಗಳ ಡೈರಿಯಲ್ಲಿ 'ಟಾಕೆಟಿವ್' ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. ಏನಮ್ಮಾ ಮಾಡಿದೆ ಅಂದರೆ, ಪಕ್ಕದ ಹುಡುಗಿಗೆ ಕಳೆಯೋ ಲೆಕ್ಕ ಹೇಳಿಕೊಡುತ್ತಿದ್ದಳಂತೆ. ಲೆಕ್ಕದಲ್ಲಿ ಪಕ್ಕದ ಮನೆಯಿಂದ ಸಾಲ ತರಬಹುದು, ಬೆಂಚಿನಲ್ಲಿ ಪಕ್ಕದವಳನ್ನು ಕೇಳಬಾರದು! ವರ್ಷವಿಡೀ ಬೇಡ ಬೇಡ ಅಂದು, ಒಂದು ವಾರ ಮಾತ್ರ 'ಮಕ್ಕಳೇ, ಒಳ್ಳೆಯವರಾಗಿ' ಅಂದರೆ ಹೇಗೆ?

ನಮ್ಮಕ್ಕ ಸರ್ಕಾರಿ ಶಾಲೆಯ ನಲಿ-ಕಲಿ ಟೀಚರ್ ಅಂತ ನಿಮಗೆಲ್ಲ ಗೊತ್ತು. ನಲಿ-ಕಲಿ ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ನಲಿಯುತ್ತ ಕಲಿಯೋದು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸು. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ಗುಂಪು. ಶಿಕ್ಷಕರ ಸಹಾಯದ ತಟ್ಟೆ ಒಂದು ಕಡೆ, ತಾನೇ ಕಲಿಯುವ ಮಕ್ಕಳ ತಟ್ಟೆ ಇನ್ನೊಂದು ಕಡೆ. ನಡುವೆ 'ಗೆಳೆಯರ ಸಹಾಯಿತ ತಟ್ಟೆ'. ನನ್ನ ಮಗಳಿಗೆ ಕೆಂಪು ಶಾಯಿ ಬಿದ್ದ ಕೆಲಸಕ್ಕೆ ಸರ್ಕಾರವೇ ಜಾಗ ಮಾಡಿ, ಹೆಸರಿಟ್ಟು ಕೂರಿಸಿದೆ.

ಅಕ್ಕನ ಕ್ಲಾಸಿನಲ್ಲಿ ಕೂತು ನೋಡಿದ್ದೇನೆ. ಮೂರನೇ ಕ್ಲಾಸಿನ ಹುಡುಗಿ ಒಂದನೇ ಕ್ಲಾಸಿನವನ ಕೈ ಹಿಡಿದು 'ರ' ತಿದ್ದಿಸುತ್ತಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಾತ್ರೆಗೆ ಅಂತ ಅಜ್ಜಿ ಊರಿಗೆ ಹೋಗಿ ವಾರ ಬಿಟ್ಟು ಬಂದವನು ನೆಟ್ಟಗೆ ಕಲಿಕಾ ಏಣಿ, ಅಂದರೆ ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರಿಸೋ ಪಟ್ಟಿಯ ಹತ್ತಿರ ಹೋದ. ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿನ ಕಾರ್ಡು ತೆಗೆದುಕೊಂಡು ಕೂತ. 'ಎಲ್ಲರೂ ಮುಂದೆ ಹೋದರು, ನೀನು ಹಿಂದೆ ಬಿದ್ದೆ' ಅನ್ನೋ ಮಾತೇ ಇಲ್ಲ.

ಸ್ವರ್ಗ ಅಂತ ಹೇಳುತ್ತಿಲ್ಲ. ಒಬ್ಬರೇ ಟೀಚರ್, ಮುಗಿಯದ ದಾಖಲೆ ಕೆಲಸ, ಅಕ್ಕ ಫೋನಿನಲ್ಲಿ ಬೈಯೋದು ಕೇಳಿದ್ದೇನೆ. ಅಡುಗೆ ಮಾಡುವವರ ಜಾತಿ ನೋಡಿ ಮಕ್ಕಳಿಗೆ ಬಿಸಿಯೂಟ ಬಿಡಿಸಿದ ಊರುಗಳ ಸುದ್ದಿಯನ್ನೂ ಓದಿದ್ದೇನೆ. ಆದರೆ ಬಿಡಿಸಿದವರು ಯಾರು? ಮಕ್ಕಳಲ್ಲ, ಮನೆಯ ದೊಡ್ಡವರು.

'ಅಲರ್ಜಿ ಇರೋ ಮಕ್ಕಳಿರುತ್ತಾರೆ ಸಾರ್, ಡಬ್ಬಿ ಹಂಚೋದು ರಿಸ್ಕು' ಎಂದು ಒಬ್ಬ ಅಪ್ಪ ನನಗೆ ತಿಳಿಹೇಳಿದರು. ಒಪ್ಪಿದೆ. ಅಂಥವರ ಪಟ್ಟಿ ಮಾಡಿ ಮಕ್ಕಳಿಗೇ ಹೇಳಿ, ಯಾರಿಗೆ ಶೇಂಗಾ ಕೊಡಬಾರದು ಅಂತ. ಗೆಳತಿಯ ಹೊಟ್ಟೆಗೆ ಯಾವುದು ಒಗ್ಗೋದಿಲ್ಲ ಅಂತ ನೆನಪಿಟ್ಟುಕೊಳ್ಳೋದೂ ಪಾಠವೇ ಅಲ್ವಾ? ಇನ್ನೊಬ್ಬರು 'ಏನೋ ಒಂದು ಕಲಿಸ್ತಿದ್ದಾರಲ್ಲ' ಅಂದರು. ಕಲಿಸ್ತಿದ್ದಾರೆ, ಸ್ಟಾರ್ ಎಣಿಸೋದು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಹ್ಯಾಪಿನೆಸ್ ಕ್ಲಾಸ್ ಶುರು ಮಾಡಿದಾಗ ಅದಕ್ಕೆ ಪರೀಕ್ಷೆ ಇಡಲಿಲ್ಲ. ಅಷ್ಟಾದರೂ ಹೊಳೆಯಬಾರದೇ ಇವರಿಗೆ?

'ಮಗಳಿಗೆ ಮೆಡಲ್ ಬರಲಿಲ್ಲ ಅಂತ ಹೊಟ್ಟೆಕಿಚ್ಚು' ಎಂದು ಕಾಮೆಂಟ್ ಹಾಕಲು ಕಾದಿರುವವರಿಗೆ: ಬಂದಿದೆ. ಸಮಾಧಾನಕರ.

ನಿಜ ಹೇಳಬೇಕೆಂದರೆ ಈ ಸಿಟ್ಟು ಹಳೆಯದು. ನಾನು ದಡ್ಡರ ಸಾಲಿನಲ್ಲಿ ಕೂತು ಬೆಳೆದವನು. ಏಳರ ಮಗ್ಗಿ ನನಗೆ ಮೇಷ್ಟ್ರು ಕಲಿಸಿದ್ದಲ್ಲ. ಪಕ್ಕದಲ್ಲಿ ಕೂರುತ್ತಿದ್ದವನು ಕಿವಿಯಲ್ಲಿ ಹೇಳಿ ಹೇಳಿ ಕಲಿಸಿದ್ದು, ಅದಕ್ಕೆ ಅವನೂ ಏಟು ತಿಂದ. ಇದೇ ಫ್ರೆಂಡ್ ಲಿಸ್ಟಿನಲ್ಲಿ ಇದ್ದಾನೆ. ಈಗ ಬಂದು ನನ್ನ ಮಾನ ತೆಗೆಯುತ್ತಾನೆ, ನೋಡುತ್ತಿರಿ.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಡಬ್ಬಿಯ ವಿಷಯ ಎತ್ತೋದು ಖಾತ್ರಿ. 'ನೀವು ಬಾಯಿ ತೆಗೀಬೇಡಿ, ನಾನೇ ಮಾತಾಡ್ತೀನಿ' ಎಂದು ಹೆಂಡತಿಯ ಆರ್ಡರ್ ಆಗಿದೆ. ಆಗಲಿ. ಅವಳು ಮಾತಾಡಿದರೆ ಕೆಲಸವಾಗುತ್ತದೆ. ನಾನು ಮಾತಾಡಿದರೆ ಡೈರಿಯಲ್ಲಿ ನನಗೂ 'ಟಾಕೆಟಿವ್' ಬೀಳುತ್ತದೆ.