ವಿಜಯದ ಪತನದೊಂದಿಗೆ ಚಂಪಾ ಮುಗಿಯಲಿಲ್ಲ

ಇಂದಿನ ವಿಯೆಟ್ನಾಮಿನ ಮಧ್ಯ ಮತ್ತು ದಕ್ಷಿಣ ಕರಾವಳಿಯಲ್ಲಿದ್ದ ಚಾಮ್ ಜನರ ರಾಜ್ಯ ಚಂಪಾ ಕುರಿತ ಲೇಖನವೊಂದಕ್ಕೆ ಇದು ಪ್ರತಿಕ್ರಿಯೆ. ಚಂಪಾದ ರಾಜಧಾನಿ ವಿಜಯವು 1471ರಲ್ಲಿ ಉತ್ತರದ ವಿಯೆಟ್ನಾಮೀಯರ ರಾಜ್ಯವಾದ ದಾಯ್ ವಿಯೆಟ್‌ನ ಅರಸ ಲೆ ಥಾನ್ ಟೋಂಗ್‌ನ ವಶವಾಯಿತೆಂದು ಲೇಖಕರು ಬರೆದಿರುವುದು ಸರಿ. ಆದರೆ ಅಲ್ಲಿಗೇ ಚಂಪಾದ ಕಥೆ ಮುಗಿಯಿತೆಂಬ ಅವರ ಮಾತನ್ನು ಒಪ್ಪಲಾಗದು. ದಕ್ಷಿಣದ ಪಾಂಡುರಂಗ ಎಂಬ ಸಂಸ್ಥಾನದಲ್ಲಿ ಚಾಮ್ ಅರಸರು, ಕ್ರಮೇಣ ವಿಯೆಟ್ನಾಮೀಯರ ಅಂಕೆಗೆ ಒಳಪಟ್ಟಾದರೂ, ಮುಂದುವರಿದರು. ಆ ಸಂಸ್ಥಾನವನ್ನು ವಿಯೆಟ್ನಾಮಿನ ಚಕ್ರವರ್ತಿ ಮಿನ್ ಮಾಂಗ್ ಪೂರ್ತಿಯಾಗಿ ಕಬಳಿಸಿದ್ದು 1832ರಲ್ಲಿ.

ಲೇಖನದಲ್ಲಿ ವಿಜಯದ ಏಳ್ಗೆಯನ್ನು ದೇವಾಲಯಗಳಿಂದಷ್ಟೇ ಅಳೆದಿರುವುದೂ ಒಂದು ಕೊರತೆ. 982ರಲ್ಲಿ ಉತ್ತರದ ಇಂದ್ರಪುರ ಸೂರೆಯಾದ ಬಳಿಕ ಅಧಿಕಾರಕೇಂದ್ರ ದಕ್ಷಿಣಕ್ಕೆ ಸರಿದಾಗ, ಇಂದಿನ ಕ್ವಿ ನ್ಹೋನ್ ಸಮೀಪದ ಈ ನಗರಕ್ಕೆ ಕೋನ್ ನದಿಯ ಬಯಲು ಅನ್ನವನ್ನೂ ಥಿ ನಾಯ್ ಬಂದರು ಹಣವನ್ನೂ ಒದಗಿಸಿದವು. ಮಲೆನಾಡಿನ ಅಗರು ಮರ ಈ ಹಾದಿಯಲ್ಲೇ ಕಡಲಿಗಿಳಿಯುತ್ತಿತ್ತು. ಹತ್ತಿರದ ಗೋ ಸಾನ್ ಆವಿಗೆಗಳಲ್ಲಿ ಸುಟ್ಟ, ಹಸಿರು ಬೆರೆತ ಬೂದುಬಣ್ಣದ ಮೆರುಗಿನ ಬಟ್ಟಲುಗಳು, ಒಂದರ ಮೇಲೊಂದು ಪೇರಿಸಲೆಂದು ಒಳತಳದಲ್ಲಿ ಉಂಗುರದಂತೆ ಮೆರುಗು ತೆಗೆದ ಗುರುತಿನೊಡನೆ, ಫಿಲಿಪ್ಪೀನ್ಸ್‌ನ ಪಂಡಾನನ್ ದ್ವೀಪದ ಬಳಿ ಮುಳುಗಿದ್ದ 15ನೇ ಶತಮಾನದ ಹಡಗಿನಲ್ಲಿ ರಾಶಿರಾಶಿಯಾಗಿ ದೊರೆತಿವೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಸಂಸ್ಕೃತದ ಹೆಸರು ಕಂಡೊಡನೆ 'ಭಾರತೀಯರ ವಸಾಹತು' ಎಂದುಬಿಡುವ ಹಳೆಯ ಚಾಳಿಯನ್ನೂ (ಲೇಖನಕ್ಕೆ ಬಂದ ಕೆಲವು ಪ್ರತಿಕ್ರಿಯೆಗಳಲ್ಲಿ ಅದು ಕಾಣುತ್ತಿದೆ) ಬಿಡಬೇಕು. ಚಾಮರ ನುಡಿ ಮಲಯ ಭಾಷೆಯ ಬಂಧು. ಶಿವನನ್ನು ಅವರು ತಮ್ಮ ಅರಸೊತ್ತಿಗೆಗೆ ಒಗ್ಗಿಸಿಕೊಂಡರು.

ಇನ್ನು ಲೇಖನದಲ್ಲಿರುವ ವಿಜಯದ ಕೋಟೆಯ ಚಿತ್ರಗಳ ಬಗ್ಗೆ: ಒಳಗಿನ ಕಾನ್ ತಿಯೆನ್ ಇಟ್ಟಿಗೆ ಗೋಪುರ ಚಾಮರದ್ದೇ. ಆದರೆ 18ನೇ ಶತಮಾನದಲ್ಲಿ ತಾಯ್ ಸೋನ್ ಬಂಡಾಯದ ನಾಯಕ ನ್ಗುಯೆನ್ ನ್ಯಾಕ್ ಅದೇ ನೆಲದಲ್ಲಿ ತನ್ನ ರಾಜಧಾನಿ ಕಟ್ಟಿಸಿದ್ದರಿಂದ, ಈಗ ಕಾಣುವ ಗೋಡೆಗಳನ್ನೆಲ್ಲ ಚಾಮರ ಖಾತೆಗೆ ಹಾಕುವಂತಿಲ್ಲ.